ಸಾವಿರ ಬೀಡಿಗೆ ಎಷ್ಟು? ತಲಪಾಡಿ ಗಡಿಯ ಎರಡೂ ಬದಿಯಲ್ಲಿ ಉತ್ತರ ಸಿಗದ ಪ್ರಶ್ನೆ

ಕುಂಜತ್ತೂರು, ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಯಾವುದಾದರೂ ಬೀಡಿ ಬ್ರಾಂಚಿನ ಎದುರು ಅರ್ಧ ಗಂಟೆ ನಿಂತರೆ ಸಾಕು, ದೇಶದ ಆರ್ಥಿಕ ಸ್ಥಿತಿಯ ಬಗ್ಗೆ ಟಿವಿ ಚರ್ಚೆಯಲ್ಲಿ ಸಿಗದ ವಿವರಗಳು ಸಿಗುತ್ತವೆ. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಕಟ್ಟು ಕಟ್ಟು ಬೀಡಿ, ಮೇಲೊಂದು ಬೀಡಿ ಪುಸ್ತಕ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು. ಬುರ್ಖಾ ಹಾಕಿದ ಉಮ್ಮಂದಿರೂ ಇದ್ದಾರೆ, ಸೀರೆ ಉಟ್ಟ ಅಕ್ಕಂದಿರೂ ಇದ್ದಾರೆ. ಒಬ್ಬರು ಬ್ಯಾರಿಯಲ್ಲಿ ಮಾತಾಡಿದರೆ ಇನ್ನೊಬ್ಬರು ತುಳುವಿನಲ್ಲಿ ಉತ್ತರ ಕೊಡುತ್ತಾರೆ. ಗ್ಯಾಸಿನ ರೇಟು, ಮಗಳ ಕಾಲೇಜು ಫೀಸು, ಮಗನ ವೀಸಾ, ರೇಷನ್ ಅಂಗಡಿಯ ಅಕ್ಕಿ, ಇವೇ ವಿಷಯ. ಕೊನೆಗೆ ಮಾತು ಬಂದು ನಿಲ್ಲುವುದು ಒಂದೇ ಕಡೆ: ಈ ಸಲ ಎಲೆ ಸರಿ ಇಲ್ಲ, ಚೆಕ್ಕರ್ ಎಷ್ಟು ಬೀಡಿ ತೆಗೆದು ಹಾಕ್ತಾನೋ ಏನೋ.

ರಾಜಕೀಯದ ಬಗ್ಗೆ ಇವರಿಗೆ ಅಭಿಪ್ರಾಯ ಇಲ್ಲ ಅಂತ ಯಾರಾದರೂ ತಿಳಿದುಕೊಂಡಿದ್ದರೆ ಅದು ತಪ್ಪು. ಅಭಿಪ್ರಾಯ ಇದೆ, ಸ್ಪಷ್ಟವಾಗಿಯೇ ಇದೆ. ಆದರೆ ಅದು ಪಕ್ಷಗಳ ಭಾಷೆಯಲ್ಲಿಲ್ಲ, ಲೆಕ್ಕದ ಭಾಷೆಯಲ್ಲಿದೆ. ಸಾವಿರ ಬೀಡಿಗೆ ಎಷ್ಟು? ಕೊಟ್ಟ ಎಲೆಯಲ್ಲಿ ಸಾವಿರ ಆಗುತ್ತದೋ? ಪಿ.ಎಫ್. ಹಿಡಿದದ್ದು ಎಲ್ಲಿ ಹೋಯಿತು? ಈ ಮೂರು ಪ್ರಶ್ನೆಗಳು ವಿಧಾನಸಭೆಯವರೆಗೆ ಹೋಗದೆ ಬ್ರಾಂಚಿನ ಜಗಲಿಯಲ್ಲೇ ಉಳಿದುಹೋಗುವುದು ಯಾಕೆ ಎಂಬುದು ಯೋಚಿಸಬೇಕಾದ ಸಂಗತಿ.

ಮನೆಯಲ್ಲಿ ಕೂತರೂ ಕಾರ್ಮಿಕಳೇ

ಕರಾವಳಿಯಲ್ಲಿ ಬೀಡಿ ಕಟ್ಟುವುದನ್ನು ಕೆಲಸ ಎಂದು ಒಪ್ಪಿಕೊಳ್ಳುವವರು ಕಡಿಮೆ. "ಹೆಂಡತಿ ಏನು ಮಾಡ್ತಾಳೆ?" ಎಂದು ಕೇಳಿದರೆ "ಮನೆಯಲ್ಲೇ ಇದ್ದಾಳೆ" ಎಂಬ ಉತ್ತರ ಬರುತ್ತದೆ. ಮನೆಯಲ್ಲೇ ಇದ್ದವಳು ಸುಬಹಿ ನಮಾಝಿನ ಬಳಿಕ ತಡ್ಪೆ ಮಡಿಲಿಗಿಟ್ಟುಕೊಂಡು ಕೂತು, ಅಡುಗೆ, ಮಕ್ಕಳು, ನೀರು, ಬಟ್ಟೆ ಎಲ್ಲದರ ನಡುವೆ ಎದ್ದು ಕೂತು, ರಾತ್ರಿ ಇಶಾ ಆದ ಮೇಲೂ ನೂಲು ಸುತ್ತುತ್ತಿರುತ್ತಾಳೆ. ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆ, ಮದ್ರಸ, ಮದುವೆಯ ಚಿನ್ನ, ಗಂಡನ ಮೊದಲ ಗಲ್ಫ್ ಟಿಕೆಟು ಎಲ್ಲವೂ ಈ ತಡ್ಪೆಯಿಂದಲೇ ಬಂದದ್ದು. ಗಲ್ಫ್‌ನಲ್ಲಿ ಕೆಲಸ ಹೋದಾಗ ಮನೆಯ ಒಲೆ ಉರಿಸಿದ್ದೂ ಇದೇ. ಸೌದಿಯಲ್ಲಿ ನಿತಾಖತ್ ಬಂದಾಗ, 2017ರಲ್ಲಿ ಕುಟುಂಬದವರ ಮೇಲೆ ಲೆವಿ ಶುರುವಾದಾಗ ಊರಿಗೆ ವಾಪಸಾದ ಗಂಡಸರ ಮನೆಗಳಲ್ಲಿ ಇದು ಕಣ್ಣಾರೆ ಕಂಡ ವಿಷಯ.

ಸಮಾಜ ಒಪ್ಪದಿದ್ದರೂ ಕಾನೂನು ಈಕೆಯನ್ನು ಕಾರ್ಮಿಕಳೆಂದು ಒಪ್ಪಿ ದಶಕಗಳೇ ಆದವು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಅದನ್ನು ಬೀಡಿ ಮಾಲಕರು ಸುಪ್ರೀಂ ಕೋರ್ಟಿನವರೆಗೆ ಪ್ರಶ್ನಿಸಿದರು. 1974ರಲ್ಲಿ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಪಿ.ಎಫ್. ಅನ್ವಯವಾಯಿತು. ಮನೆಯಲ್ಲಿ ಕೂತು ಬೀಡಿ ಕಟ್ಟುವವರು ನಮ್ಮ ನೌಕರರೇ ಅಲ್ಲ, ಕಂಟ್ರಾಕ್ಟುದಾರನ ಜನ ಎಂದು ಮಾಲಕರು ಮತ್ತೆ ವಾದ ಹೂಡಿದರು. 1985ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ತಳ್ಳಿಹಾಕಿತು.

ಆ ತೀರ್ಪಿನಲ್ಲಿ ಗಮನಿಸಬೇಕಾದ ಒಂದು ಅಂಶ ಇದೆ. ಮನೆಯಲ್ಲಿ ಕೂತು ಕೆಲಸ ಮಾಡುವವರ ಮೇಲೆ ಮಾಲಕನಿಗೆ ಹಿಡಿತ ಎಲ್ಲಿದೆ ಎಂಬ ಪ್ರಶ್ನೆ ಬಂದಾಗ ಕೋರ್ಟ್ ತೋರಿಸಿದ್ದು ಬೀಡಿ ತಿರಸ್ಕರಿಸುವ ಅಧಿಕಾರವನ್ನು. ಸರಿ ಇಲ್ಲದ ಬೀಡಿಯನ್ನು ತೆಗೆದು ಹಾಕುವ ಹಕ್ಕು ಕಂಪೆನಿಗೆ ಇದೆ ಎಂದಾದರೆ, ಆ ಕೆಲಸದ ಮೇಲೆ ಹಿಡಿತ ಇರುವುದೂ ಕಂಪೆನಿಗೇ. ಅಂದರೆ ಬ್ರಾಂಚಿನಲ್ಲಿ ಚೆಕ್ಕರ್ ಕೈ ಹಾಕಿ ಬದಿಗೆ ಎಸೆಯುವ ಒಂದೊಂದು ಬೀಡಿಯೂ ಈಕೆ ಕಂಪೆನಿಯ ನೌಕರಳು ಎಂಬುದಕ್ಕೆ ಸಾಕ್ಷಿ. ಕೂಲಿ ಕಡಿತ ಮಾಡುವಾಗ ಚಲಾಯಿಸುವ ಈ ಅಧಿಕಾರ, ಹಕ್ಕು ಕೇಳಲು ಹೋದಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಎಲೆಯ ತೂಕದಲ್ಲಿ ಹೋಗುವ ಕೂಲಿ

ಬೀಡಿಯ ಕೂಲಿಯನ್ನು ದಿನಕ್ಕಲ್ಲ, ಸಾವಿರಕ್ಕೆ ಲೆಕ್ಕ ಹಾಕುತ್ತಾರೆ. ಇಡೀ ದಿನ ಕೂತರೂ ಸಾವಿರ ಮುಗಿಸುವವರು ಕಡಿಮೆ. ಮನೆಗೆಲಸದ ಜೊತೆ ಆರುನೂರು, ಏಳುನೂರು ಆದರೆ ದೊಡ್ಡದು. ಲೆಕ್ಕ ಸುಲಭವಾಗಲು ಸಾವಿರಕ್ಕೆ 300 ರೂಪಾಯಿ ಎಂದು ಹಿಡಿದರೆ ಏಳುನೂರಕ್ಕೆ 210 ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ರ ದಿನಗೂಲಿ ಕೇರಳದಲ್ಲಿ 369, ಕರ್ನಾಟಕದಲ್ಲಿ 370 ರೂಪಾಯಿ. ಕಾಡು ಕಡಿಯುವ, ತೋಡು ಅಗೆಯುವ ಕೆಲಸಕ್ಕೆ ಸರಕಾರವೇ ಇಟ್ಟ ಕನಿಷ್ಠ ದರ ಅದು. ಬೆನ್ನು ಬಗ್ಗಿಸಿ, ಹೊಗೆಸೊಪ್ಪಿನ ಧೂಳು ಕುಡಿದು, ಕಣ್ಣು ಕೀಲಿಸಿ ಕೂತ ಕೆಲಸಕ್ಕೆ ಅದರ ಹತ್ತಿರವೂ ಬರುವುದಿಲ್ಲ. ಈಗ ಆ ಖಾತರಿ ಯೋಜನೆಯನ್ನೇ ಬದಲಾಯಿಸುವ ಕಾನೂನನ್ನು 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದೆ.

ಆದರೆ ಬ್ರಾಂಚಿನ ಮುಂದೆ ನಿಂತವರ ದೊಡ್ಡ ದೂರು ದರದ ಬಗ್ಗೆಯೂ ಅಲ್ಲ, ಎಲೆಯ ಬಗ್ಗೆ. ಇಷ್ಟು ತೂಕ ಎಲೆ, ಇಷ್ಟು ತೂಕ ಸೊಪ್ಪು ಕೊಟ್ಟು ಇಷ್ಟು ಬೀಡಿ ತರಬೇಕು ಎಂಬುದು ವ್ಯವಸ್ಥೆ. ಎಲೆ ತೂತಾಗಿದ್ದರೆ, ಒಣಗಿ ಹುಡಿಯಾಗಿದ್ದರೆ, ತೂಕದಲ್ಲೇ ಕಡಿಮೆ ಇದ್ದರೆ ಬೀಡಿಯ ಲೆಕ್ಕ ತುಂಬುವುದಿಲ್ಲ. ತುಂಬದ್ದನ್ನು ಆಕೆಯೇ ತುಂಬಿಸಬೇಕು. ಒಂದೋ ಕೈಯಿಂದ ಹಣ ಕೊಟ್ಟು ಎಲೆ ತಂದು ಕಟ್ಟಬೇಕು, ಇಲ್ಲಾಂದ್ರೆ ಕಡಿಮೆ ಬಿದ್ದದ್ದಕ್ಕೆ ಕೂಲಿಯಲ್ಲಿ ಕಡಿತ. ಮಳೆಗಾಲದಲ್ಲಿ ಕಟ್ಟಿದ ಬೀಡಿ ತಂಪು ಹಿಡಿಯದಂತೆ ಒಲೆಯ ಮೇಲೆ ಒಣಗಿಸುವ ಕೆಲಸ ಬೇರೆ. ಅದಕ್ಕೆ ಸೌದೆ ಮನೆಯದ್ದು, ಶ್ರಮವೂ ಮನೆಯದ್ದು.

ಇದರ ಮೇಲೆ ಚೆಕ್ಕರ್ ತೆಗೆದು ಹಾಕಿದ ಬೀಡಿ. ಎಷ್ಟಕ್ಕಿಂತ ಹೆಚ್ಚು ತಿರಸ್ಕರಿಸಬಾರದು ಎಂಬುದಕ್ಕೆ ನಿಯಮದಲ್ಲಿ ಮಿತಿ ಇದೆ. ಆ ಮಿತಿ ಎಷ್ಟು ಎಂದು ಬ್ರಾಂಚಿನ ಗೋಡೆಯ ಮೇಲೆ ಬರೆದು ಅಂಟಿಸಿದ್ದನ್ನು ನೋಡಿದವರು ಎಷ್ಟು ಜನ? ಬರೆದು ಅಂಟಿಸಿದರೆ ಆ ದಿನವೇ ಜಗಳ ಶುರುವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಪಿ.ಎಫ್. ಕಥೆ ಇನ್ನೊಂದು ರೀತಿಯದ್ದು. ಹೆಚ್ಚಿನ ಉದ್ಯಮಗಳಲ್ಲಿ ಪಿ.ಎಫ್. ವಂತಿಗೆ ಶೇ. 12 ಆದರೆ ಬೀಡಿಯಲ್ಲಿ ಶೇ. 10. ಇಪ್ಪತ್ತು, ಮೂವತ್ತು ವರ್ಷ ಕಟ್ಟಿದವಳಿಗೆ ಕೊನೆಗೆ ಸಿಗುವ ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ ಅದು. ಆ ಸಾವಿರ ರೂಪಾಯಿ ಕೈಗೆ ಬರಬೇಕಾದರೂ ಹೆಸರು ಕೂಡಿ ಬರಬೇಕು. ಬೀಡಿ ಪುಸ್ತಕದಲ್ಲಿ ಐಸಮ್ಮ, ರೇಷನ್ ಕಾರ್ಡಿನಲ್ಲಿ ಮಲಯಾಳಂನಲ್ಲಿ ಬರೆದ ಆಯಿಶ, ಆಧಾರ್‌ನಲ್ಲಿ ಇಂಗ್ಲಿಷಿನ ಆಯಿಶಾಬಿ. ಮೂರೂ ಒಬ್ಬಳೇ ಎಂದು ಆಕೆಗೆ ಗೊತ್ತು, ಊರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ತೋರಿಸಲು ಬೆರಳು ಒತ್ತಬೇಕು. ಎಲೆ ಮಡಚಿ ಮಡಚಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗುವುದಿಲ್ಲ. ಯಾವ ಕೆಲಸಕ್ಕೆ ಪಿಂಚಣಿಯೋ ಅದೇ ಕೆಲಸ ಪಿಂಚಣಿಗೆ ಅಡ್ಡಿಯಾಗುವ ಸ್ಥಿತಿ ಇದು.

ಗಡಿ ಯಾರಿಗೆ ಇದೆ, ಯಾರಿಗೆ ಇಲ್ಲ?

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿತ್ತು. ರಾಜ್ಯ ಬೇರೆಯಾದರೂ ಬದುಕು ಬೇರೆಯಾಗಲಿಲ್ಲ. ಆಸ್ಪತ್ರೆ ಮಂಗಳೂರು, ಕಾಲೇಜು ಮಂಗಳೂರು, ಬಟ್ಟೆ ಮಂಗಳೂರು, ಸಂಬಂಧ ಉಳ್ಳಾಲ, ದೇರಳಕಟ್ಟೆ, ಬಂಟ್ವಾಳ. ಬೀಡಿಯ ದೊಡ್ಡ ಕಂಪೆನಿಗಳೂ ಮಂಗಳೂರಿನವೇ. ಎಲೆ, ಸೊಪ್ಪು ತಲಪಾಡಿ ದಾಟಿ ಈಚೆ ಬರುತ್ತದೆ, ಬೀಡಿ ತಲಪಾಡಿ ದಾಟಿ ಆಚೆ ಹೋಗುತ್ತದೆ. ಸರಕಿಗೆ ಗಡಿ ಇಲ್ಲ.

ಗಡಿ ಇರುವುದು ಹಕ್ಕಿಗೆ. ಕೇರಳ, ಕರ್ನಾಟಕ ಎರಡೂ ಬೀಡಿಗೆ ಪ್ರತ್ಯೇಕ ಕನಿಷ್ಠ ಕೂಲಿ ನಿಗದಿ ಮಾಡುತ್ತವೆ. ಎಲ್ಲಿ ಕೆಲಸ ನಡೆಯುತ್ತದೋ ಆ ರಾಜ್ಯದ ದರ ಅನ್ವಯ ಎಂಬುದು ಸರಳ ತತ್ವ. ಆದರೆ ಕಾರ್ಮಿಕಳು ಮಂಜೇಶ್ವರದಲ್ಲಿ, ಕಂಪೆನಿ ಮಂಗಳೂರಿನಲ್ಲಿ, ನಡುವೆ ಕಂಟ್ರಾಕ್ಟುದಾರ. ದೂರು ಕೊಡಬೇಕೆಂದರೆ ಕಾಸರಗೋಡಿನ ಕಾರ್ಮಿಕ ಕಚೇರಿಗೆ ಹೋಗಬೇಕೋ, ಮಂಗಳೂರಿಗೋ? ಕಾಸರಗೋಡಿನಲ್ಲಿ ಅರ್ಜಿ ಮಲಯಾಳಂನಲ್ಲಿ, ಮಂಗಳೂರಿನಲ್ಲಿ ವಿಳಾಸ ಕೇರಳದ್ದು. ಎರಡೂ ಕಡೆ ಒಂದೊಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಮೂರನೇ ಸಲ ಹೋಗುವ ಧೈರ್ಯ ಯಾರಿಗಿದೆ?

ಒಂದೇ ಕಂಪೆನಿಯ ಬೀಡಿ ಕಟ್ಟುವ ಇಬ್ಬರು ಅಕ್ಕತಂಗಿಯರನ್ನು ಉದಾಹರಣೆಗೆ ತೆಗೆದುಕೊಂಡರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅಕ್ಕನನ್ನು ಕೋಟೆಕಾರಿಗೆ ಮದುವೆ ಮಾಡಿ ಕೊಟ್ಟಿದೆ, ತಂಗಿ ಕುಂಜತ್ತೂರಿನಲ್ಲಿದ್ದಾಳೆ. ಅಕ್ಕನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಸಿಗುತ್ತದೆ, 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವೂ ಇದೆ. ತಂಗಿಗೆ ಅದು ಇಲ್ಲ. ತಂಗಿಗೆ ಕೇರಳದ ಕುಟುಂಬಶ್ರೀ ಇದೆ, ಅರುವತ್ತು ದಾಟಿದ ಅತ್ತೆಗೆ 2025ರ ನವೆಂಬರ್‌ನಿಂದ 2,000 ರೂಪಾಯಿಗೆ ಏರಿದ ಕ್ಷೇಮ ಪಿಂಚಣಿ ಇದೆ. ಅಕ್ಕನಿಗೆ ಆ ಸೌಲಭ್ಯಗಳಿಲ್ಲ. ಎರಡೂ ಸರಕಾರಗಳು ಕೊಡುವುದನ್ನು ಕೊಡುತ್ತಿವೆ, ಅದರಲ್ಲಿ ತಪ್ಪು ಹುಡುಕುವ ಅಗತ್ಯ ಇಲ್ಲ. ಆದರೆ ಇಬ್ಬರಿಗೂ ಸಮಾನವಾಗಿ ಸಿಗದ ಒಂದು ವಸ್ತು ಇದೆ: ಕಟ್ಟಿದ ಬೀಡಿಗೆ ಸರಿಯಾದ ಕೂಲಿ. ಅದು ಮಾತ್ರ ಗಡಿಯ ಎರಡೂ ಕಡೆ ಒಂದೇ ರೀತಿ ಬಾಕಿ ಇದೆ.

2020ರ ಮಾರ್ಚ್ ಕೊನೆಯಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದನ್ನು ಈ ಭಾಗದ ಜನ ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಕಾಸರಗೋಡಿನ ರೋಗಿಗಳು ಜೀವ ಬಿಟ್ಟರು. ಎಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವು ಮಾಡಿಸುವಂತೆ ಕೇಂದ್ರಕ್ಕೆ ಹೇಳಬೇಕಾಯಿತು. ಗಡಿಯಲ್ಲಿ ಬದುಕುವವನು ಎರಡು ರಾಜ್ಯಗಳ ಲಾಭ ಪಡೆಯುತ್ತಾನೆ ಎಂದು ದೂರದ ಊರಿನವರು ತಿಳಿದುಕೊಂಡಿದ್ದಾರೆ. ಕಷ್ಟ ಬಂದಾಗ ಎರಡು ರಾಜ್ಯಗಳೂ ಆಚೆ ನೋಡು ಎನ್ನುತ್ತವೆ ಎಂಬುದು ಇಲ್ಲಿಯವರ ಅನುಭವ.

ತೆರಿಗೆ ಇಳಿಯಿತು, ಕೂಲಿ ಏರಿತೇ?

ಈಗ ದಿಲ್ಲಿಯ ಲೆಕ್ಕಕ್ಕೆ ಬರಬೇಕು. ಜಿ.ಎಸ್.ಟಿ. ಬರುವ ಮೊದಲು ಬೀಡಿಯ ಮೇಲೆ ಒಂದು ಸೆಸ್ ಇತ್ತು. ಸಾವಿರ ಬೀಡಿಗೆ ಐದು ರೂಪಾಯಿ. 1976ರ ಕಾನೂನಿನಂತೆ ಆ ಹಣ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗುತ್ತಿತ್ತು. ಬೀಡಿ ಕಾರ್ಮಿಕರ ಮಕ್ಕಳಿಗೆ ಸ್ಕಾಲರ್‌ಶಿಪ್, ಔಷಧಾಲಯ, ಮನೆ ಕಟ್ಟಲು ಸಹಾಯ, ಎಲ್ಲ ಅದರಿಂದಲೇ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಸೆಸ್ ರದ್ದಾಯಿತು. ಬೀಡಿಯ ಮೇಲೆ ಶೇ. 28, ಎಲೆಯ ಮೇಲೆ ಶೇ. 18 ತೆರಿಗೆ ಬಿತ್ತು. ಕಾರ್ಮಿಕಳ ಹೆಸರಿನಲ್ಲಿ ವಸೂಲಾಗಿ ಕಾರ್ಮಿಕಳಿಗೇ ಮೀಸಲಾಗಿದ್ದ ಐದು ರೂಪಾಯಿ ಹೋಗಿ, ಆಕೆಯ ಕಲ್ಯಾಣ ಕೇಂದ್ರ ಬಜೆಟ್‌ನ ದಯೆಗೆ ಬಂತು. ತೆರಿಗೆ ಹೆಚ್ಚಾದಾಗ ಬೀಡಿಯ ಬೆಲೆ ಏರಿತು, ಮಾರಾಟ ಕುಸಿಯಿತು, ಅದಕ್ಕೇ ವಾರಕ್ಕೆ ಕೆಲಸ ಕಡಿಮೆ ಎಂಬ ಉತ್ತರ ಬ್ರಾಂಚಿನಲ್ಲಿ ಸಿಕ್ಕಿತು.

2025ರ ಸೆಪ್ಟೆಂಬರ್‌ನಲ್ಲಿ ಜಿ.ಎಸ್.ಟಿ. ಕೌನ್ಸಿಲ್ ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ, ಎಲೆಯದ್ದನ್ನು ಶೇ. 18ರಿಂದ 5ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿಯ ಹೊಸ ದರ 2026ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಇತರ ತಂಬಾಕಿಗೆ ಶೇ. 40 ಇಟ್ಟು ಬೀಡಿಗೆ ಮಾತ್ರ ಇಳಿಸಿದ್ದಕ್ಕೆ ಕೇಳಿಬಂದ ಸಮರ್ಥನೆ ಒಂದೇ, ಬಡ ಬೀಡಿ ಕಾರ್ಮಿಕರ ಹೊಟ್ಟೆಪಾಡು.

ಸರಿ, ಹಾಗಾದರೆ ಲೆಕ್ಕ ಕೇಳಬಹುದಲ್ಲವೇ? ತೆರಿಗೆಗೆ ಮುಂಚಿನ ಬೆಲೆ ಸಾವಿರ ಬೀಡಿಗೆ 600 ರೂಪಾಯಿ ಎಂದು ಉದಾಹರಣೆಗೆ ಹಿಡಿದರೆ, ಶೇ. 10ರ ಇಳಿಕೆಯಿಂದ 60 ರೂಪಾಯಿ ಉಳಿಯುತ್ತದೆ. ಎಲೆಯ ತೆರಿಗೆಯಲ್ಲಿ ಉಳಿದದ್ದು ಬೇರೆ. ಕಾರ್ಮಿಕಳ ಹೆಸರು ಹೇಳಿ ಉಳಿಸಿದ ಆ 60 ರೂಪಾಯಿಯಲ್ಲಿ ಕಾರ್ಮಿಕಳ ಪಾಲು ಎಷ್ಟು? ಸೇದುವವನಿಗೆ ಎಷ್ಟು, ಅಂಗಡಿಯವನಿಗೆ ಎಷ್ಟು, ಕಂಪೆನಿಗೆ ಎಷ್ಟು? ತೆರಿಗೆ ಇಳಿಸುವಾಗ ಕೂಲಿಯ ಬಗ್ಗೆ ಒಂದು ಷರತ್ತನ್ನೂ ಹಾಕಲಿಲ್ಲ. ಕಲ್ಯಾಣ ಸೆಸ್ಸಿನಂತೆ ಒಂದು ಸಣ್ಣ ಮೊತ್ತವನ್ನಾದರೂ ಮತ್ತೆ ಆಕೆಗೆ ಕಾದಿರಿಸಬಹುದಿತ್ತು. ಅದೂ ಆಗಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹೆಂಗಸರ ಖಾತೆಗೆ ಎರಡು ಸಾವಿರ ಹಾಕಿದರೆ ಅದನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸುವವರು ಬಹಳ ಮಂದಿ ಇದ್ದಾರೆ. 2019ರ ಸೆಪ್ಟೆಂಬರ್‌ನಲ್ಲಿ ಕಂಪೆನಿಗಳ ಆದಾಯ ತೆರಿಗೆಯ ಮೂಲ ದರವನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟುಕೊಟ್ಟಂತೆ ಎಂದು ಹಣಕಾಸು ಸಚಿವರೇ ಹೇಳಿದ್ದರು. ಅದಕ್ಕೆ ಬಿಟ್ಟಿ ಎಂಬ ಪದವನ್ನು ಇವರಲ್ಲಿ ಯಾರೂ ಬಳಸಲಿಲ್ಲ. ಅದಕ್ಕೆ ಇಟ್ಟ ಹೆಸರು ಉತ್ತೇಜನ. ದೊಡ್ಡವರಿಗೆ ಕೊಟ್ಟರೆ ಉತ್ತೇಜನ, ಬಡವರಿಗೆ ಕೊಟ್ಟರೆ ಬಿಟ್ಟಿ ಎಂಬ ಈ ವ್ಯತ್ಯಾಸ ಬ್ರಾಂಚಿನ ಮುಂದೆ ನಿಂತವರಿಗೆ ಅರ್ಥವಾಗದ ವಿಷಯ ಏನಲ್ಲ.

ಹೊಸ ಸಂಹಿತೆ, ಹಳೆಯ ಭಯ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 29 ಕಾನೂನುಗಳನ್ನು ಸೇರಿಸಿ ನಾಲ್ಕು ಮಾಡಲಾಗಿದೆ. 1966ರ ಬೀಡಿ ಕಾಯ್ದೆಯೂ ಅದರಲ್ಲಿ ಕರಗಿದೆ. ಕಾನೂನು ಸರಳವಾಗುವುದು ಒಳ್ಳೆಯದೇ. ಎಲ್ಲ ಕೆಲಸಗಾರರಿಗೂ ಕನಿಷ್ಠ ಕೂಲಿ ಅನ್ವಯ ಎಂಬ ತತ್ವವನ್ನು ವೇತನ ಸಂಹಿತೆ ಹೇಳುತ್ತದೆ, ಅದನ್ನು ಸ್ವಾಗತಿಸಬೇಕು. ಆದರೆ ಬೀಡಿಗೆಂದೇ ಇದ್ದ ಒಂದು ಪೂರ್ತಿ ಕಾಯ್ದೆ ದೊಡ್ಡ ಸಂಹಿತೆಯ ಒಂದು ಸಣ್ಣ ಭಾಗವಾಗಿ ಉಳಿದಾಗ, ಮನೆಯಲ್ಲಿ ಕೂತು ಕಟ್ಟುವವಳನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದೇ ಪ್ರಶ್ನೆ. ಕಾರ್ಖಾನೆಯ ಗೋಡೆ ಇದ್ದಲ್ಲಿ ಇನ್ಸ್‌ಪೆಕ್ಟರ್ ಹೋಗಬಹುದು. ಸಾವಿರಾರು ಮನೆಗಳ ಜಗಲಿಯೇ ಕಾರ್ಖಾನೆಯಾದಾಗ ಅಲ್ಲಿಗೆ ಬರುವುದು ಕಂಟ್ರಾಕ್ಟುದಾರ ಮಾತ್ರ.

89 ಮತಗಳಿಗಾಗಿ ನಡೆಯುವ ಯುದ್ಧ

ಮಂಜೇಶ್ವರ ಕೇರಳದಲ್ಲೇ ಅತ್ಯಂತ ಬಿಗಿ ಸ್ಪರ್ಧೆಯ ಕ್ಷೇತ್ರಗಳಲ್ಲಿ ಒಂದು. 2016ರಲ್ಲಿ ಮುಸ್ಲಿಂ ಲೀಗ್‌ನ ಪಿ.ಬಿ. ಅಬ್ದುಲ್ ರಝಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ವಿರುದ್ಧ ಗೆದ್ದದ್ದು ಬರೇ 89 ಮತಗಳಿಂದ. ಆ ಬಳಿಕ ವರ್ಷಗಟ್ಟಲೆ ಕೋರ್ಟ್ ಕೇಸು ನಡೆಯಿತು. 2021ರಲ್ಲಿ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ಮತಗಳಿಂದ.

89 ಮತ ಅಂದರೆ ಎರಡು ಬೀಡಿ ಬ್ರಾಂಚುಗಳ ಸಾಲಿನಲ್ಲಿ ನಿಂತ ಹೆಂಗಸರ ಸಂಖ್ಯೆ. ಒಂದೊಂದು ಮತಕ್ಕೂ ಇಷ್ಟು ಬೆಲೆ ಇರುವ ಕ್ಷೇತ್ರದಲ್ಲಿ, ಆ ಮತ ಹಾಕುವವಳ ಕೂಲಿ ಚುನಾವಣೆಯ ದೊಡ್ಡ ವಿಷಯ ಆಗಬೇಕಿತ್ತು. ಆಗಲಿಲ್ಲ. ಕಾರಣ ಸ್ಪಷ್ಟ. ಸ್ಪರ್ಧೆ ಬಿಗಿಯಾದಷ್ಟೂ ಪ್ರಚಾರ ಭಯದ ಮೇಲೆ ನಿಲ್ಲುತ್ತದೆ. ಒಂದು ಕಡೆ ಅವರು ಬಂದರೆ ಏನಾದೀತು ಎಂಬ ಮಾತು, ಇನ್ನೊಂದು ಕಡೆ ಇವರನ್ನು ಎಷ್ಟು ವರ್ಷ ಸಹಿಸುವುದು ಎಂಬ ಮಾತು. ಭಯಕ್ಕೆ ಆಧಾರ ಇಲ್ಲ ಎಂದಲ್ಲ. ದೇಶದ ಸ್ಥಿತಿ ನೋಡಿದರೆ ಮುಸ್ಲಿಮರ ಆತಂಕಕ್ಕೆ ಕಾರಣಗಳು ಇವೆ, ಮತ ಹಾಕುವಾಗ ಅದನ್ನು ನೆನಪಿಡುವುದು ತಪ್ಪಲ್ಲ. ಆದರೆ ಭಯಕ್ಕೆ ಸಿಕ್ಕ ಮತಕ್ಕೆ ಲೆಕ್ಕ ಕೊಡಬೇಕಾಗಿಲ್ಲ ಎಂಬುದು ಗೆದ್ದವರಿಗೂ ಸೋತವರಿಗೂ ಗೊತ್ತಿದೆ. ಒಂದೇ ಸಾಲಿನಲ್ಲಿ ನಿಲ್ಲುವ ಉಮ್ಮ ಮತ್ತು ಅಕ್ಕ ಮತಗಟ್ಟೆಯಲ್ಲಿ ಬೇರೆ ಬೇರೆ ಚಿಹ್ನೆಗೆ ಒತ್ತುತ್ತಾರೆ. ಮರುದಿನ ಮತ್ತೆ ಅದೇ ತೂತು ಎಲೆ ಇಬ್ಬರಿಗೂ ಸಿಗುತ್ತದೆ.

ಕಣ್ಣೂರಿನ ಪಾಠ

ಕೂಲಿ ರಾಜಕೀಯದ ವಿಷಯ ಆಗುವುದೇ ಇಲ್ಲ ಎನ್ನುವವರು ಪಕ್ಕದ ಜಿಲ್ಲೆಯ ಚರಿತ್ರೆ ನೋಡಬೇಕು. 1966ರ ಕಾಯ್ದೆಯನ್ನು ಜಾರಿಗೆ ತರಲು ಆಗಿನ ಇ.ಎಂ.ಎಸ್. ನಂಬೂದಿರಿಪ್ಪಾಡ್ ಸರಕಾರ ಹೊರಟಾಗ, 1968ರಲ್ಲಿ ಮಂಗಳೂರು ಮೂಲದ ದೊಡ್ಡ ಕಂಪೆನಿ ಕಣ್ಣೂರು ಭಾಗದ ಕೆಲಸ ಮುಚ್ಚಿತು. ಸುಮಾರು 12,000 ಜನರ ಕೆಲಸ ಹೋಯಿತು. ಆಗ ಕಾರ್ಮಿಕ ಸಂಘಗಳು ಮತ್ತು ಸರಕಾರ ಸೇರಿ 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘವನ್ನು ಕಟ್ಟಿದವು. ಕಾರ್ಮಿಕರ ಷೇರಿಗೆ ಸರಕಾರವೇ ಸಾಲ ಕೊಟ್ಟಿತು. ಸುಮಾರು ಮೂರು ಸಾವಿರ ಜನರಿಂದ ಶುರುವಾದ ಸಂಘದಲ್ಲಿ ಮುಂದೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ದುಡಿದರು. ಕಾಯ್ದೆಯಲ್ಲಿ ಹೇಳಿದ ರಜೆ, ಬೋನಸ್, ಪಿ.ಎಫ್. ಎಲ್ಲ ಕೊಟ್ಟೂ ಬೀಡಿ ಮಾರಬಹುದು ಎಂದು ತೋರಿಸಿದರು.

ಬೀಡಿಯ ಬೇಡಿಕೆ ಇಳಿಯುತ್ತದೆ ಎಂದು ಗೊತ್ತಾದಾಗ ಅದೇ ಸಂಘ ಕೊಡೆ, ಆಹಾರ ಪದಾರ್ಥ, ಸಿದ್ಧ ಉಡುಪು ತಯಾರಿಗೆ ಇಳಿಯಿತು. ಅಲ್ಲಿಯೂ ಕಾರ್ಮಿಕರ ಸಂಖ್ಯೆ ಕಾಲಕ್ರಮೇಣ ಕುಸಿದಿದೆ, ಅದು ಪವಾಡವೇನಲ್ಲ. ಆದರೆ ಬೀಡಿ ಹೋದರೆ ಮುಂದೇನು ಎಂಬ ಪ್ರಶ್ನೆಯನ್ನು ಅವರು ಮೊದಲೇ ಕೇಳಿಕೊಂಡಿದ್ದರು.

ಈ ಪ್ರಶ್ನೆ ತಪ್ಪಿಸಿಕೊಳ್ಳುವಂಥದ್ದಲ್ಲ. ಬೀಡಿ ಸೇದುವವನನ್ನು ಕೊಲ್ಲುತ್ತದೆ, ಕಟ್ಟುವವಳ ಎದೆಯನ್ನೂ ಬಿಡುವುದಿಲ್ಲ. ಪೊಟ್ಟಣದ ಮೇಲೆ ಶೇ. 85 ಜಾಗದಲ್ಲಿ ಎಚ್ಚರಿಕೆಯ ಚಿತ್ರ ಬಂದದ್ದು ಸರಿಯಾಗಿಯೇ ಇದೆ. ಮಗಳು ತಡ್ಪೆ ಹಿಡಿಯುವುದು ಬೇಡ ಎಂದು ಇವತ್ತು ಪ್ರತಿ ಉಮ್ಮನೂ ಹೇಳುತ್ತಾಳೆ. ಬೀಡಿಯನ್ನು ಉಳಿಸಿ ಎಂದು ಯಾರೂ ಕೇಳುತ್ತಿಲ್ಲ. ಬೀಡಿ ಮುಗಿಯುವ ಮೊದಲು ಕಟ್ಟಿದವಳ ಬಾಕಿ ತೀರಿಸಿ, ಮನೆಯಿಂದ ಹತ್ತಿರದಲ್ಲಿ ಬೇರೆ ಕೆಲಸ ಕೊಡಿ ಎಂಬುದಷ್ಟೇ ಕೇಳಿಕೆ. ಬೇಡಿಕೆ ಇಳಿದ ನೆಪ ಹೇಳಿ ಕೂಲಿ ಇಳಿಸುವುದು, ಒಂದು ದಿನ ಬ್ರಾಂಚಿಗೆ ಬೀಗ ಹಾಕಿ ಹೋಗುವುದು ಪರಿಹಾರ ಅಲ್ಲ.

ಸಮುದಾಯದೊಳಗಿನ ಲೆಕ್ಕ

ಎಲ್ಲ ಬೆರಳನ್ನೂ ಸರಕಾರದ ಕಡೆಗೆ ತೋರಿಸಿದರೆ ಸಾಲದು. ಬ್ರಾಂಚು ನಡೆಸುವವರಲ್ಲಿ, ಎಲೆ ತೂಗುವವರಲ್ಲಿ ಸಮುದಾಯದವರೇ ಇದ್ದಾರೆ. ಅವರಲ್ಲಿ ನ್ಯಾಯವಾಗಿ ನಡೆದುಕೊಳ್ಳುವವರು ಇದ್ದಾರೆ, ಕಂಪೆನಿಯ ಒತ್ತಡದ ನಡುವೆ ಸಿಕ್ಕಿಕೊಂಡವರೂ ಇದ್ದಾರೆ. ಹಾಗೆಯೇ ವರ್ಷವಿಡೀ ಎಲೆಯಲ್ಲಿ ಕಡಿಮೆ ತೂಗಿ, ರಮಝಾನಿನಲ್ಲಿ ಅದೇ ಹೆಂಗಸರಿಗೆ ಅಕ್ಕಿಯ ಕಿಟ್ ಹಂಚಿ ಫೋಟೊ ತೆಗೆಸಿಕೊಳ್ಳುವವರೂ ಇಲ್ಲದಿಲ್ಲ. ಅಳತೆ ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯ ಇದೆ, ಅಲ್ ಮುತಫ್ಫಿಫೀನ್. ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿಯವರ (ಸ.ಅ.) ಆದೇಶ ಪ್ರತಿ ಮದ್ರಸದ ಮಗುವಿಗೂ ಗೊತ್ತು. ಕೂಲಿ ಕೊಡುವುದು ಸದಕ ಅಲ್ಲ, ಝಕಾತ್‌ನಿಂದ ಕೂಲಿಯ ಬಾಕಿ ತೀರುವುದೂ ಇಲ್ಲ.

ಜಮಾಅತ್ ಕಮಿಟಿಗಳು ಮದುವೆಯ ದುಂದುವೆಚ್ಚದ ಬಗ್ಗೆ, ಮಾದಕ ವಸ್ತುವಿನ ಬಗ್ಗೆ ಮಾತಾಡುತ್ತವೆ, ಒಳ್ಳೆಯದು. ಮಹಲ್ಲ್‌ನಲ್ಲಿ ಎಷ್ಟು ಮನೆಗಳಲ್ಲಿ ಬೀಡಿ ಕಟ್ಟುತ್ತಾರೆ, ಎಷ್ಟು ಜನರಿಗೆ ಪಿ.ಎಫ್. ನಂಬರ್ ಇದೆ, ಎಷ್ಟು ಜನರ ಹೆಸರು ಆಧಾರ್‌ಗೆ ಹೊಂದುವುದಿಲ್ಲ ಎಂಬ ಪಟ್ಟಿ ತಯಾರಿಸಲು ಒಂದು ಶುಕ್ರವಾರ ಸಾಕು. ಕಲಿತ ಯುವಕರು ಪ್ರತಿ ಮಹಲ್ಲ್‌ನಲ್ಲೂ ಇದ್ದಾರೆ. ಎರಡು ಕಂಪ್ಯೂಟರ್, ನಾಲ್ಕು ಹುಡುಗರು ಕೂತರೆ ನೂರಾರು ಉಮ್ಮಂದಿರ ಪಿಂಚಣಿಯ ದಾರಿ ತೆರೆಯುತ್ತದೆ. ಅದನ್ನು ಪಕ್ಕದ ಮನೆಯ ಹಿಂದೂ ಅಕ್ಕನಿಗೂ ಮಾಡಿಕೊಟ್ಟರೆ, ಭಾಷಣಗಳಿಂದ ಆಗದ ಸೌಹಾರ್ದ ತಾನಾಗಿ ಬರುತ್ತದೆ.

ಇನ್ನು ಮತ ಕೇಳಲು ಬರುವವರಿಗೆ, ಅವರು ಪಂಚಾಯತಿಗೆ ನಿಲ್ಲಲಿ, ವಿಧಾನಸಭೆಗೆ ನಿಲ್ಲಲಿ, ಯಾವ ಪಕ್ಷದವರೇ ಇರಲಿ, ಜಗಲಿಯಲ್ಲಿ ಕೂತವರು ಕೇಳಬೇಕಾದದ್ದು ಇಷ್ಟು. ಒಂದು, ಸಾವಿರ ಬೀಡಿಯ ನಿಗದಿತ ಕೂಲಿ ಮತ್ತು ತಿರಸ್ಕಾರದ ಮಿತಿಯನ್ನು ಕನ್ನಡ, ಮಲಯಾಳಂ ಎರಡರಲ್ಲೂ ಪ್ರತಿ ಬ್ರಾಂಚಿನಲ್ಲಿ ಬರೆದು ಹಾಕಿಸುತ್ತೀರಾ? ಎರಡು, ಎರಡು ರಾಜ್ಯಗಳ ಕಾರ್ಮಿಕ ಅಧಿಕಾರಿಗಳು ತಿಂಗಳಿಗೊಮ್ಮೆ ಮಂಜೇಶ್ವರದಲ್ಲಿ ಒಟ್ಟಿಗೆ ಕೂತು ದೂರು ಕೇಳುವಂತೆ ಮಾಡುತ್ತೀರಾ? ಮೂರು, ಬೀಡಿ ನಿಂತ ದಿನ ಈ ಹೆಂಗಸರಿಗೆ ಯಾವ ಕೆಲಸ ಎಂದು ಈಗಲೇ ಹೇಳುತ್ತೀರಾ?

ಈ ಮೂರಕ್ಕೂ ದೊಡ್ಡ ಬಜೆಟ್ ಬೇಡ. ಒಂದು ಬೋರ್ಡು, ಒಂದು ಮೇಜು, ಒಂದು ಪ್ರಾಮಾಣಿಕ ಉತ್ತರ ಸಾಕು. ಉತ್ತರ ಕೊಡಲಾಗದವರು ಗೇಟಿನಿಂದಲೇ ಸಲಾಂ ಹೇಳಿ ಮುಂದಿನ ಮನೆಗೆ ಹೋಗಲಿ. ಜಗಲಿಯ ಮೇಲಿನ ತಡ್ಪೆಯಲ್ಲಿ ಇವತ್ತಿನ ಸಾವಿರ ಮುಗಿಯಲು ಇನ್ನೂ ಮುನ್ನೂರು ಬೀಡಿ ಬಾಕಿ ಇದೆ, ಎಲೆ ಮಾತ್ರ ಇನ್ನೂರಕ್ಕೇ ಸಾಕಾಗುವಷ್ಟಿದೆ.